ಬೈಯುವ ಕೆಲಸ

ಬೈಯುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಯಾರು ನಂಬುತ್ತಾರೆ ಹೇಳಿ. ಅವಳ ಗಂಡನೇ ನಂಬಿರಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನನಗೆ ಪುಕ್ಕಟೆ ಬೈದೆಯಲ್ಲೇ!" ಎಂದು ಆ ಬಸ್ ಡ್ರೈವರ್ ಪುಣ್ಯಾತ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಹಾಗೆ ನಕ್ಕಿದ್ದಕ್ಕೂ ಅವನಿಗೆ ಬೈಗುಳ ಬಿತ್ತು.

ಅವಳನ್ನು ಎಲ್ಲರೂ ಸಾಸಿವೆ ಎಂದೇ ಕರೆಯುವುದು. ಆಳು ಗಿಡ್ಡ, ಸ್ವಲ್ಪ ಬಿಸಿ ತಾಗಿದರೆ ಸಿಡಿಯುತ್ತಾಳೆ, ಸಿಡಿದ ಮೇಲೆ ತಣ್ಣಗೆ. ಮೊದಲು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಲ್ಲುತ್ತಿದ್ದಳು. ಹಬೆಯಲ್ಲಿ ಬೆಂದು ಬೆಂದು ಅವಳ ಮುಂಗೈಯ ಕೂದಲೆಲ್ಲ ಉದುರಿಹೋಗಿತ್ತು. ಬಿಸಿನೀರಿನ ಖರ್ಚು ಉಳಿಸಲು ರೋಗಿಗಳ ಹಾಸುಬಟ್ಟೆಗಳನ್ನು ತಣ್ಣೀರಲ್ಲಿ ಅದ್ದಿ ತೆಗೆಯುವುದು ಶುರುವಾದಾಗ, ಒಂದು ಕಲೆಯ ಹಾಸುಬಟ್ಟೆಯನ್ನು ಎತ್ತಿಕೊಂಡು ನೆಟ್ಟಗೆ ಮ್ಯಾನೇಜರನ ಕೋಣೆಗೆ ಹೋಗಿ, "ನಿಮ್ಮಮ್ಮನ್ನ ಇದರ ಮೇಲೆ ಮಲಗಿಸ್ತೀಯೇನೋ, ಮುಂಡೇದೇ?" ಎಂದು ಕೇಳಿದಳು. ಮರುದಿನ ಗೇಟಿನವನು ಅವಳನ್ನು ಒಳಗೆ ಬಿಡಲಿಲ್ಲ. ನಿಜ ಹೇಳಿದವರಿಗೆ ಗೇಟು ಮುಚ್ಚುವುದು, ತಣ್ಣೀರಲ್ಲಿ ಅದ್ದಿದವನಿಗೆ ಬಡ್ತಿ. ಲೋಕ ನಡೆಯುವುದೇ ಹೀಗೆ, ಥೂ!

ಆಗ ಅವಳ ತಮ್ಮ ಮುಂದೆ ಬಂದ. ಅವನು ಕಂಪ್ಯೂಟರ್ ಆಟ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಚಿತ್ರ ಬರೆಯುವವನು. ಮರ, ಮನೆ, ಮೋಡ, ಹಡಗು, ಆಟದಲ್ಲಿ ಕಣ್ಣಿಗೆ ಬೀಳುವುದೆಲ್ಲ ಅವನ ಕೈಯದು. ಅಲ್ಲಿಯ ಯಜಮಾನರಿಗೆ ಒಂದು ತಲೆನೋವಿತ್ತು. ಆಡುವವರಿಗೆ ಆಟದ ಮೇಲೆ ಸಿಟ್ಟು ಬಂದರೆ ಅವರು ಬಂದು ಹೇಳುವುದಿಲ್ಲ, ಆಟ ಬಿಟ್ಟು ಹೋಗಿಬಿಡುತ್ತಾರೆ. ಎಲ್ಲಿ ಸಿಟ್ಟು ಬಂತು ಎಂದು ತಿಳಿಯುವುದು ಹೇಗೆ? ತಮ್ಮ ಹೇಳಿದನಂತೆ, "ನಮ್ಮಕ್ಕ ಇದ್ದಾಳೆ ಸಾರ್. ಮೂಗಿನ ತುದೀಲೇ ಸಿಟ್ಟು. ಬಂದಿದ್ದು ಬಾಯಲ್ಲಿ ಬಂದೇ ಬರುತ್ತೆ."

ಹೀಗೆ ಸಾಸಿವೆಗೆ ಕೆಲಸವಾಯಿತು. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿ, ಕಿಟಕಿಗಳಿಗೆ ಕಪ್ಪು ಪರದೆ, ಉರುಳುವ ಕುರ್ಚಿಗಳ ಚಕ್ರಕ್ಕೆ ಸುತ್ತಿಕೊಂಡ ಕೂದಲು. ಅವಳು ಕೂತು ಆಡಬೇಕು, ಅಷ್ಟೇ. ಪಕ್ಕದಲ್ಲಿ ಗುಂಡಿ ಮೇಡಂ. ಈ ಗುಂಡಿ ಮೇಡಂ ಶಾಲೆಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಿಯಾದವರು, ಕೈಯಲ್ಲಿ ಸದಾ ಸ್ವೆಟರ್ ಹೆಣಿಗೆ. ಸಾಸಿವೆಯ ಬಾಯಿಂದ ಒಂದು ಬೈಗುಳ ಬಂತೋ, ಇವರು ಹೆಣಿಗೆ ಬಿಟ್ಟು ಮೇಜಿನ ಮೇಲಿನ ಕೆಂಪು ಗುಂಡಿ ಒತ್ತಬೇಕು. ಆ ಗಳಿಗೆಯಲ್ಲಿ ಆಟದೊಳಗೆ ಏನು ನಡೆದಿತ್ತೋ ಅದನ್ನು ಯಂತ್ರ ಹಿಡಿದಿಟ್ಟುಕೊಳ್ಳುತ್ತದೆ. ಸಂಜೆ ಲೆಕ್ಕದ ಸಾರ್ ಬಂದು, ಅವಳು ಎಲ್ಲೆಲ್ಲಿ ಬೈದಳೋ ಅಲ್ಲಲ್ಲಿ ಆಟವನ್ನು ರಿಪೇರಿ ಮಾಡುತ್ತಾರೆ. ಆಟದ ಒಳಗಿನ ಅಂಕಿಗಳೆಲ್ಲ ಅವರ ಕೈಯಲ್ಲಿ. ಬಲು ಮೆತ್ತಗಿನ ಮನುಷ್ಯ, ಇರುವೆಗೂ ದಾರಿ ಬಿಡುವಂಥವರು. ಕೆಟ್ಟ ಕೆಲಸವೆಲ್ಲ ಇಂಥವರ ಕೈಯಲ್ಲೇ ಯಾಕೆ ಆಗುತ್ತದೋ ಕಾಣೆ.

ಮೊದಲ ದಿನ ಕೆಲಸ ಮುಗಿಸಿ ಮನೆಗೆ ಬಂದವಳನ್ನು ಅವಳ ತಾಯಿ ಕೆಣಕಿದರು. "ಅದೇನು ಕಡಿದು ಗುಡ್ಡೆ ಹಾಕಿ ಬಂದ್ಯೇ?"

"ಕಡಿದು ಗುಡ್ಡೆ ಹಾಕೋದೇ ಕೆಲಸ ಕಣಮ್ಮ!" ಎಂದಳು ಸಾಸಿವೆ.

ಸುಳ್ಳಲ್ಲ. ಆಟ ಇಷ್ಟೇ: ಹಡಗಿನಲ್ಲಿ ಬಂದ ಪರದೇಶದವರು ಗೊತ್ತಿಲ್ಲದ ದಡಕ್ಕೆ ಇಳಿಯುತ್ತಾರೆ. ಕಂಪ್ಯೂಟರ್ ಪರದೆಯ ತುಂಬ ಚೌಕ ಚೌಕವಾಗಿ ಕಾಡು. ಮರ ಇಲ್ಲದೆ ಮನೆ ಏಳುವುದಿಲ್ಲ, ಹೊಲ ಇಲ್ಲದೆ ಹೊಟ್ಟೆ ತುಂಬುವುದಿಲ್ಲ. ಕಾಡಿನ ಚೌಕವನ್ನು ಹಾಗೇ ಉಳಿಸಿ ಅಲ್ಲೊಬ್ಬ ಮರ ಕಡಿಯುವವನನ್ನು ಇಟ್ಟರೆ ಆಟದ ಪ್ರತಿ ಸರದಿಗೂ ಸ್ವಲ್ಪ ಸ್ವಲ್ಪ ಮರ ಬರುತ್ತಲೇ ಇರುತ್ತದೆ. ಬೇಡ, ಪೂರಾ ಬೋಳಿಸಿಬಿಡು ಎಂದರೆ ಒಂದೇ ಸಲಕ್ಕೆ ದೊಡ್ಡ ರಾಶಿ, ಆಮೇಲೆ ಆ ಚೌಕ ಹೊಲ, ಅಲ್ಲಿಂದ ಮುಂದೆ ಒಂದು ಕಡ್ಡಿಯೂ ಹುಟ್ಟುವುದಿಲ್ಲ. ಆ ರಾಶಿ ಸಣ್ಣದಾದರೆ ಯಾರೂ ಕಾಡಿಗೆ ಕೈ ಹಚ್ಚುವುದಿಲ್ಲ, ಆಟ ಆಕಳಿಸುತ್ತದೆ. ದೊಡ್ಡದಾದರೆ ಎಲ್ಲರೂ ಕಣ್ಣು ಮುಚ್ಚಿ ಬೋಳಿಸುತ್ತಾರೆ, ಕೊನೆಗೆ ಹಡಗು ಕಟ್ಟಲು ಮರವಿಲ್ಲದೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಇದರ ತೂಕ ಸರಿಮಾಡುವುದೇ ಲೆಕ್ಕದ ಸಾರ್ ಕೆಲಸ. ಅವರ ತಕ್ಕಡಿ ಸಾಸಿವೆಯ ಬಾಯಿ.

ಆ ಬಾಯಿಯಾದರೂ ಎಂಥದು! ಒಮ್ಮೆ ಅವಳು ಕಷ್ಟಪಟ್ಟು ಎರಡು ಚೌಕ ಬೋಳಿಸಿದಳು. ಊರಿನ ಉಗ್ರಾಣ ಮೊದಲೇ ತುಂಬಿತ್ತು. ಬಂದ ರಾಶಿಗೆ ಜಾಗವಿಲ್ಲದೆ ಅಷ್ಟೂ ಮರ ಕೊಳೆತು ಮಾಯವಾಯಿತು. "ನಿನ್ನ ಮನೆ ಹಾಳಾಗ! ನಾನು ಬೆವರು ಸುರಿಸಿ ಕಡಿಸಿದ ಮರ ಯಾವನ ಬಾಯಿಗೆ ಬಿತ್ತೋ, ದರಿದ್ರದವನೇ!" ಎಂದು ಅವಳು ಕೂಗಿದ್ದಕ್ಕೆ ಕೆಳಗಿನ ಬಟ್ಟೆ ಅಂಗಡಿಯ ಗಿರಾಕಿಗಳು ತಲೆ ಎತ್ತಿ ನೋಡಿದರು. ಗುಂಡಿ ಮೇಡಂ ಗುಂಡಿ ಒತ್ತಿದರು. ಮರುದಿನದಿಂದ ಮಿಕ್ಕ ಮರ ಗಾಡಿಯಲ್ಲಿ ಪಕ್ಕದ ಊರಿಗೆ ಹೋಗುವ ಹಾಗಾಯಿತು. ಇನ್ನೊಮ್ಮೆ ಕೊಡಲಿಯವನು ಹಾಯಾಗಿ ಕಾಡಲ್ಲಿ ಕೂತಿದ್ದ, ಅವನನ್ನು "ಕುಂಭಕರ್ಣನ ಮೊಮ್ಮಗನೇ" ಎಂದಳು, ಅವನ ಕೈ ಚುರುಕಾಯಿತು. ಸಂಜೆ ಮನೆಗೆ ಬಂದು, "ಇಷ್ಟು ವರ್ಷದಲ್ಲಿ ಯಾರಾದ್ರೂ ನನ್ನ ಮಾತು ಕೇಳಿದ್ರೆ ಇವರೇ ಕಣಮ್ಮ ಮೊದಲು" ಎಂದು ತಾಯಿಯ ಕಾಲು ಒತ್ತುತ್ತ ಹೇಳಿದಳು. ಅವಳಿಗೆ ಆ ಕೆಲಸದ ಮೇಲೆ ನಿಜಕ್ಕೂ ಪ್ರೀತಿ ಹುಟ್ಟಿತ್ತು.

ಬಾಯಿ ಅವಳಿಗೆ ತಾಯಿಯಿಂದ ಬಂದ ಆಸ್ತಿ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವಳು ಬೈಯುತ್ತಿದ್ದಾಳೆ ಎಂದರೆ ಎಲ್ಲ ಸರಿಯಿದೆ ಎಂದು. ತಮ್ಮನನ್ನಂತೂ 'ಲೋ ಕತ್ತೆ', 'ಲೋ ಎಬಡ' ಎನ್ನದೆ ಒಂದು ಲೋಟ ನೀರು ಕೊಟ್ಟವಳಲ್ಲ. ಆ ಬೈಗುಳದಲ್ಲೇ ಅವನ ಫೀಸು ಕಟ್ಟಿದಳು, ಬಣ್ಣದ ಡಬ್ಬಿ ತಂದುಕೊಟ್ಟಳು, ಜ್ವರ ಬಂದರೆ ಬೆಳಗಾಗುವವರೆಗೆ ತಲೆದೆಸೆಯಲ್ಲಿ ಕೂತಳು. "ಬೊಗಳೋ ನಾಯಿ ಕಚ್ಚಲ್ಲ" ಎನ್ನುತ್ತಿದ್ದರು ತಾಯಿ. "ಇವಳು ಸುಮ್ಮನಾದ್ಲು ಅಂದ್ರೆ ಮಾತ್ರ ಹುಷಾರು. ಆವತ್ತು ನೋಡಿದ್ದೀನಲ್ಲ."

ಆವತ್ತು ಎಂದರೆ ಅವಳ ಬಾಲ್ಯದ ಮಾತು. ಅವರದು ಮರದ ಡಿಪೋ ಹಿಂದಿನ ಖಾಲಿ ಜಾಗದಲ್ಲಿ ಒಂದು ಗುಡಿಸಲು. ಡಿಪೋ ಬೆಳೆದಂತೆಲ್ಲ ಯಾರೋ ಬಂದು, "ಸ್ವಲ್ಪ ಪಕ್ಕಕ್ಕೆ ಸರ್ಕೊಳ್ರಪ್ಪಾ" ಎನ್ನುವರು. ಅಪ್ಪ ಕಂಬಗಳನ್ನು ಕಿತ್ತು, ಹೆಗಲ ಮೇಲೆ ಹೊತ್ತು, ಪಕ್ಕಕ್ಕೆ ನೆಡುವನು. ಮತ್ತೆ ಬರುವರು, ಮತ್ತೆ ಪಕ್ಕಕ್ಕೆ. ಕೊನೆಗೆ ಪಕ್ಕ ಎಂಬುದೇ ಉಳಿಯಲಿಲ್ಲ, ಆಚೆ ಚರಂಡಿ. ಆ ದಿನ ಬಂದವರು ಗುಡಿಸಲು ಕೆಡವಿ, ಕಂಬಗಳನ್ನೂ ಡಿಪೋದ ಸೌದೆಯ ಜೊತೆ ಲಾರಿಗೆ ಎಸೆದರು. "ಕಂಬಾನಾದ್ರೂ ಕೊಡಿ ಸ್ವಾಮಿ, ನಾನು ತಂದಿದ್ದು" ಎಂದು ಅಪ್ಪ ಲಾರಿಯ ಹಿಂದೆ ಹೆಜ್ಜೆ ಹಾಕಿದ. ಮೇಲೆ ಕೂತಿದ್ದವರು ನಕ್ಕರು. ಅಮ್ಮ ಬಾಯಿಗೆ ಬಂದದ್ದೆಲ್ಲ ಬೈದರು. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದ ಸಾಸಿವೆ ಮಾತ್ರ ತುಟಿ ಬಿಚ್ಚಲಿಲ್ಲ. ಮುಂದೆ ಬಹಳ ದಿನ ಬಿಚ್ಚಲಿಲ್ಲ, ಮೂಕಿಯಾದಳೇನೋ ಎಂದು ಅಮ್ಮ ಹೆದರಿದ್ದರು. ತಮ್ಮ ಆ ಕತೆ ಕೇಳುತ್ತಲೇ ಬೆಳೆದವನು. ಅಕ್ಕ ಸುಮ್ಮನಾದರೆ ಏನರ್ಥ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇತ್ತ ಆಟ ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದೇ ಹುಳುಕು. ಆಟದ ಕೊನೆಗೆ ದೊಡ್ಡ ಹಡಗು ಕಟ್ಟಬೇಕು, ಆ ಹೊತ್ತಿಗೆ ಕಾಡೆಲ್ಲ ಬೋಳು, ಮರ ಸಾಲುವುದಿಲ್ಲ. ಅಲ್ಲಿಗೆ ಬಂದಾಗೆಲ್ಲ ಸಾಸಿವೆ ಲೆಕ್ಕದ ಸಾರ್ ವಂಶದ ಏಳು ತಲೆಮಾರನ್ನೂ ಎಳೆದು ತರುತ್ತಿದ್ದಳು. ರಾಶಿ ಹೆಚ್ಚಿಸಿದರು, ತಗ್ಗಿಸಿದರು, ಏನು ಮಾಡಿದರೂ ಕೆಂಪು ಗುಂಡಿಗೆ ಬಿಡುವಿಲ್ಲ. ಯಜಮಾನರು, "ಈ ವಾರ ಮುಗೀಬೇಕು" ಎಂದು ಮೇಜು ಕುಟ್ಟಿದರು.

ಒಂದು ಬೆಳಿಗ್ಗೆ ಲೆಕ್ಕದ ಸಾರ್ ನಗುನಗುತ್ತ ಬಂದು, "ಅಕ್ಕ, ಈಗ ಆಡಿ ನೋಡಿ" ಎಂದರು.

ಆಡಿದಳು. ಆಟದ ಕಾಡಿನಲ್ಲಿ ಮೊದಲಿನಿಂದ ಇದ್ದವರ ಗುಡಿಸಲುಗಳು ಅಲ್ಲಲ್ಲಿ ಇದ್ದವು. ಚೌಕ ಬೋಳಿಸಿದರೆ ಗುಡಿಸಲು ತಾನಾಗಿ ಪಕ್ಕದ ಚೌಕಕ್ಕೆ ಸರಿಯುತ್ತಿತ್ತು. ಅದನ್ನು ಅವಳು ಅಷ್ಟಾಗಿ ಗಮನಿಸಿರಲಿಲ್ಲ. ಹಡಗು, ಉಗ್ರಾಣ, ಆ ಸೋಮಾರಿ ಕೊಡಲಿಯವನು, ಇವರನ್ನೆಲ್ಲ ಬೈಯುವುದರಲ್ಲೇ ಹೊತ್ತು ಹೋಗುತ್ತಿತ್ತು. ಈ ಸಲ ಕೊನೆಯ ಕಾಡಿನ ಚೌಕಕ್ಕೆ ಕೊಡಲಿಯವನನ್ನು ಕಳಿಸಿದಳು. ಗುಡಿಸಲುಗಳೆಲ್ಲ ಅಲ್ಲೇ ಬಂದು ಒತ್ತಿಕೊಂಡು ನಿಂತಿದ್ದವು. ಮರ ಬಿತ್ತು. ಸರಿಯಲು ಪಕ್ಕದ ಚೌಕ ಇರಲಿಲ್ಲ. ಗುಡಿಸಲುಗಳು ಸದ್ದಿಲ್ಲದೆ ಅಳಿಸಿಹೋದವು. ರಾಶಿ ಬಂತು, ಹಿಂದೆಂದೂ ಬರದಷ್ಟು ದೊಡ್ಡ ರಾಶಿ. ಹಡಗು ಎದ್ದು ನಿಂತಿತು.

ಇಷ್ಟು ಮರ ಎಲ್ಲಿಂದ ಬಂತು? ಅವಳು ಆಟವನ್ನು ಹಿಂದಕ್ಕೆ ಒಯ್ದು ಮತ್ತೆ ಕಡಿಸಿದಳು. ರಾಶಿಯ ಪಕ್ಕದಲ್ಲಿ ಸಣ್ಣಕ್ಷರ ಮೂಡಿ ಮರೆಯಾಯಿತು: 'ಕಾಡಿನ ಮರ, ಗುಡಿಸಲಿನ ಮರ.' ಅವಳು ಪರದೆಯ ಮೇಲಿನ ಚಿತ್ರವನ್ನು ಹಿಗ್ಗಿಸಿ ಆ ಗುಡಿಸಲನ್ನು ಮೊದಲ ಸಲ ಸರಿಯಾಗಿ ನೋಡಿದಳು. ಎಡಕ್ಕೆ ವಾಲಿದ ಬಾಗಿಲು. ಮಾಡು ಹಾರದಂತೆ ಮೇಲೆ ಸಾಲಾಗಿ ಹೇರಿದ ಕಲ್ಲು. ಮುಂದಿನ ಕಂಬಕ್ಕೆ ಬೋರಲು ಹಾಕಿದ ಮಡಕೆ. ಅಮ್ಮ ಹೇಳಿ ಹೇಳಿ ತಮ್ಮನ ತಲೆಯಲ್ಲಿ ನಿಂತಿದ್ದ ಅವರದೇ ಮನೆ ಅದು. ತಮ್ಮ ತನ್ನ ಕೈಯಾರೆ ಬರೆದಿದ್ದ.

ಸಾಸಿವೆಯ ಮೈಯಲ್ಲಿ ಬೆಂಕಿ ಬಿದ್ದಂತಾಯಿತು. ಬಾಯಿ ಮಾತ್ರ ತೆರೆಯಲಿಲ್ಲ.

ಆ ದಿನ ಪೂರ್ತಿ, ಮರುದಿನವೂ ಪೂರ್ತಿ, ಅವಳು ಆಟವನ್ನು ಮತ್ತೆ ಮತ್ತೆ ಆಡಿದಳು. ಗುಡಿಸಲು ಉಳಿಯುವ ದಾರಿ ಎಲ್ಲಾದರೂ ಇದೆಯೇ ಎಂದು ಹುಡುಕಿದಳು. ಬೋಳಿಸದೆ ಆಡಿ ನೋಡಿದಳು, ಊರು ಹಸಿವಿಂದ ಸತ್ತಿತು. ಒಂದೇ ಚೌಕ ಬಿಟ್ಟು ನೋಡಿದಳು, ಹಡಗಿಗೆ ಒಂದು ಹೊರೆ ಮರ ಕಡಿಮೆ ಬಿತ್ತು. ಬೇಕಂತಲೇ ಹಾಗೆ ತೂಗಿದ್ದರು. ಪಕ್ಕದಲ್ಲಿ ಗುಂಡಿ ಮೇಡಂ ನಿಶ್ಚಿಂತೆಯಿಂದ ಸ್ವೆಟರಿನ ಒಂದು ತೋಳು ಮುಗಿಸಿದರು. "ಆಟ ಈಗ ಚೆನ್ನಾಗಾಯ್ತು ಅನ್ಸುತ್ತೆ ಅಲ್ವೇನಮ್ಮ? ಪಾಪ, ನಿಮ್ಮ ಗಂಟಲಿಗೂ ವಿಶ್ರಾಂತಿ" ಎಂದರು. ಲೆಕ್ಕದ ಸಾರ್ ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದರು. ಅಯ್ಯೋ, ಇವರ ಓದಿಗೆ ಬೆಂಕಿ ಹಾಕ! ಮನುಷ್ಯರ ಸಿಟ್ಟಿಗೆ ಒಂದೇ ಸದ್ದು ಎಂದು ಇವರಿಗೆ ಹೇಳಿದವರು ಯಾರು?

ಸಂಜೆ ಮನೆಯಲ್ಲಿ ತಾಯಿ ಅವಳ ಮುಖ ನೋಡಿದವರೇ, ಏನೂ ಕೇಳದೆ ತಮ್ಮನಿಗೆ ಫೋನು ಮಾಡಿ ಕರೆಸಿದರು. ಅವನು ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ. ಸಾಸಿವೆ ತರಕಾರಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಅದು ನಮ್ಮನೆ ತಾನೆ?" ಎಂದು ಕೇಳಿದಳು.

"ಬೇರೆ ಗುಡಿಸಲು ನಾನೆಲ್ಲಿ ನೋಡಿದ್ದೀನಿ ಅಕ್ಕ? ಅಮ್ಮ ಹೇಳಿದ್ದೇ ಮನಸ್ಸಲ್ಲಿತ್ತು. ಪ್ರೀತಿಯಿಂದಾನೇ ಬರೆದೆ."

"ಆ ಕಂಬಾನ ರಾಶಿಗೆ ಹಾಕಿದ್ದು?"

"ಅದು ಲೆಕ್ಕದ ಸಾರ್ ಮಾಡಿದ್ದು. ಕೊನೇಲಿ ಮರ ಸಾಲ್ತಿರಲಿಲ್ಲವಲ್ಲ, ನೀನೇ ಬೈತಿದ್ದೆ. ನಿನ್ನ ಬೈಗುಳ ನಿಲ್ಲಿಸೋಕೇ ಅವರು ಹಾಗೆ ಮಾಡಿದ್ದು."

ಚಾಕು ನಿಂತಿತು. ಒಲೆಯ ಮೇಲಿನ ಪಾತ್ರೆ ಉಕ್ಕಿ ಚುರ್ರೆಂದಿತು, ತಾಯಿ ಎದ್ದು ಹೋಗಿ ಉರಿ ತಗ್ಗಿಸಿದರು.

"ಒಂದೇ ಮಾತು ಕೇಳ್ತೀನಿ" ಎಂದಳು ಸಾಸಿವೆ. "ಕಡಿಯೋಕಾಗದ ಒಂದು ಚೌಕ ಬಿಡಿ, ಅವರು ನಿಂತ್ಕೊಳ್ಳಲಿ. ಆಟ ಆಡೋರು ಬೇರೆ ಕಡೆಯಿಂದ ಮರ ತರಲಿ, ಹಡಗು ತಡವಾಗಲಿ. ನಾನು ಹೇಳಿದ್ರೆ ನಗ್ತಾರೆ, ನನ್ನ ಕೆಲಸ ಬೈಯೋದಷ್ಟೇ. ಚಿತ್ರ ನಿಂದು. ನಾಳೆ ಎಲ್ಲರ ಮುಂದೆ ನೀನು ಹೇಳಬೇಕು."

"ಹೇಳ್ತೀನಿ ಅಕ್ಕ. ನಿನ್ನಾಣೆ" ಎಂದ ಅವನು. ಚಿತ್ರದ ವಿಭಾಗಕ್ಕೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡುವ ಮಾತು ನಡೆದಿತ್ತು. ಅದನ್ನು ಮಾತ್ರ ಅವನು ಹೇಳಲಿಲ್ಲ.

ಮರುದಿನ ಎಲ್ಲರನ್ನೂ ಉದ್ದ ಮೇಜಿನ ಸುತ್ತ ಕೂರಿಸಿ ಯಜಮಾನರು ಗೋಡೆಯ ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ಸಾಸಿವೆಯ ಬೈಗುಳದ ಗೆರೆ. ತಿಂಗಳುಗಟ್ಟಲೆ ಗರಗಸದ ಹಲ್ಲಿನಂತೆ ಏರಿ ಇಳಿದದ್ದು ಕೊನೆಯಲ್ಲಿ ಮಟ್ಟಸವಾಗಿ ಮಲಗಿತ್ತು. "ನೋಡಿ! ಎರಡು ದಿನದಿಂದ ಒಂದೂ ಬೈಗುಳ ಇಲ್ಲ. ಮೌನಂ ಸಮ್ಮತಿ ಲಕ್ಷಣಂ! ತೂಕ ಸರಿಹೋಯ್ತು. ಇವತ್ತೇ ಆಟ ಹೊರಗೆ ಬಿಡೋಣ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಸಿವೆ ತಮ್ಮನ ಕಡೆ ನೋಡಿದಳು. ಅವನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ, ಹಾಕುತ್ತಿದ್ದ.

ಕಾದಳು. ಮೇಜಿನ ಸುತ್ತ ಕುರ್ಚಿಗಳು ಹಿಂದಕ್ಕೆ ಸರಿಯತೊಡಗಿದವು. ಕೊನೆಗೆ ಅವಳೇ ಎದ್ದು ನಿಂತು, ದನಿ ಏರಿಸದೆ ಕೇಳಿದಳು, "ಸಾರ್, ಆ ಗುಡಿಸಲಲ್ಲಿದ್ದವರು ಎಲ್ಲಿಗೆ ಹೋದ್ರು?"

ಯಾರೋ ನಕ್ಕರು. "ಅಯ್ಯೋ ಅಕ್ಕ, ಅದು ಬರೀ ಚಿತ್ರ" ಎಂದರು ಲೆಕ್ಕದ ಸಾರ್, ಮೆತ್ತಗೆ. ಗುಂಡಿ ಮೇಡಂ ಅಭ್ಯಾಸಬಲದಿಂದ ಬೆರಳು ಎತ್ತಿದವರು, ಬೈಗುಳ ಬರಲಿಲ್ಲವಲ್ಲ ಎಂದು ಮತ್ತೆ ಮಡಿಲಿಗೆ ಇಳಿಸಿದರು.

ಯಜಮಾನರು ಮಾತ್ರ ಕೊಂಚ ಹುಷಾರು. ತಮ್ಮನ ಕಡೆ ತಿರುಗಿದರು. "ಏನಪ್ಪಾ, ನಿಮ್ಮಕ್ಕನ್ನ ನಿನ್ನಷ್ಟು ಬಲ್ಲವರು ಇಲ್ಲಿ ಯಾರೂ ಇಲ್ಲ. ಸಿಟ್ಟು ಬಂದಿದೆಯಾ? ಬಂದಿದ್ರೆ ಹೇಳು. ಒಂದು ವಾರ ತಡ ಆದ್ರೂ ಪರವಾಗಿಲ್ಲ, ತಡೆಯೋಣ."

ನೋಡಿ, ಇಷ್ಟು ಸುಲಭವಿತ್ತು. ಬಾಗಿಲು ತೆರೆದು ದಾರಿ ಬಿಟ್ಟು ನಿಂತಿದ್ದರು ಆ ಮನುಷ್ಯ. ಒಂದು 'ಹೂಂ' ಸಾಕಿತ್ತು.

ತಮ್ಮ ಅಕ್ಕನ ಮುಖ ನೋಡಿದ. ಆವತ್ತು ಲಾರಿ ಹೋಗುವುದನ್ನು ನೋಡುತ್ತ ನಿಂತವಳ ಮುಖ ಇದೇ ಎಂದು ಅವನಿಗೆ ಗೊತ್ತಾಯಿತು. ಗೊತ್ತಾಗಿಯೂ, "ಇಲ್ಲ ಸಾರ್" ಎಂದ, ನಕ್ಕೂ ಬಿಟ್ಟ. "ನಮ್ಮಕ್ಕಂಗೆ ಸಿಟ್ಟು ಬಂದಿದ್ರೆ ಇಡೀ ಬೀದಿಗೆ ಕೇಳಿಸ್ತಿತ್ತು."

ಎಲ್ಲರೂ ನಕ್ಕರು. ಆಟ ಅವತ್ತೇ ಹೊರಗೆ ಹೋಯಿತು.

ಸಾಸಿವೆ ತನ್ನ ನೀರಿನ ಬಾಟಲಿ ತೆಗೆದುಕೊಂಡು, ಗುಂಡಿ ಮೇಡಂಗೆ ಹೋಗಿ ಬರುತ್ತೇನೆ ಎಂದು ಹೇಳಿ, ಮೆಟ್ಟಿಲಿಳಿದಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಈಗ ಬಸ್ ನಿಲ್ದಾಣದ ಹತ್ತಿರ ಒಂದು ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಾಳೆ. ಗಿರಾಕಿಗಳಿಗೆ ಬೈಯುತ್ತಾಳೆ, ಗಂಡನಿಗೆ ಬೈಯುತ್ತಾಳೆ, ಕರೆಂಟಿಗೆ ಬೈಯುತ್ತಾಳೆ. ಬೀದಿಗೆಲ್ಲ ಕೇಳಿಸುತ್ತದೆ.

ತಮ್ಮ ಮುಖ್ಯಸ್ಥನಾದ. ಅವನಿಗೆ ಪ್ರತ್ಯೇಕ ಕೋಣೆ ಸಿಕ್ಕಿತು. ಸಿಹಿತಿಂಡಿಯ ಡಬ್ಬಿ ಹಿಡಿದು ಅಕ್ಕನ ಮನೆಗೆ ಬಂದ. ಬಾಗಿಲು ತೆರೆದವಳು ಅವಳೇ.

"ಬನ್ನಿ. ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದಳು.

ಅವನು ಸುಮ್ಮನೆ ಹಿಂದೆ ತಿರುಗಿ ನೋಡಿದ, ತನ್ನ ಹಿಂದೆ ಬೇರೆ ಯಾರಾದರೂ ಬಂದಿದ್ದಾರೇನೋ ಎಂದು. ಯಾರೂ ಇರಲಿಲ್ಲ. ಕೂತ. ತಟ್ಟೆ ಬಂತು, ಊಟ ಬಂತು, ಬೇಕೋ ಸಾಕೋ ಎಂದು ಕೇಳಿ ಕೇಳಿ ಬಡಿಸಿದಳು. ಕೆಲಸ ಹೇಗಿದೆ ಎಂದೂ ವಿಚಾರಿಸಿದಳು. ಅವನು ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತ. ಬೇಕಂತಲೇ ಮೊಣಕೈ ತಾಗಿಸಿ ನೀರಿನ ಲೋಟ ಉರುಳಿಸಿದ. ನೀರು ಹರಿದು ಅವಳು ಇಸ್ತ್ರಿ ಮಾಡಿ ಮಡಿಸಿಟ್ಟಿದ್ದ ಗಿರಾಕಿಗಳ ಬಟ್ಟೆಯ ಗಂಟನ್ನೆಲ್ಲ ತೋಯಿಸಿತು. ಹಿಂದೆ ಆಗಿದ್ದರೆ ಅವನ ಕಿವಿ ಅವಳ ಕೈಯಲ್ಲಿರುತ್ತಿತ್ತು.

"ಪರವಾಗಿಲ್ಲ ಬಿಡಿ" ಎಂದು ಅವಳು ಒರೆಸುವ ಬಟ್ಟೆ ತಂದು ನೆಲ ಒರೆಸತೊಡಗಿದಳು.

"ಬೈಯೇ ಅಕ್ಕ" ಎಂದ ಅವನು. "ಒಂದೇ ಒಂದು ಸಲ ಬೈದುಬಿಡೇ. ಕತ್ತೆ ಅನ್ನೇ."

ಮಂಚದ ಮೇಲಿದ್ದ ತಾಯಿ ಗೋಡೆಯ ಕಡೆಗೆ ಹೊರಳಿ ಮಲಗಿದರು. ಸಾಸಿವೆ ನೆಲ ಒರೆಸಿ ಮುಗಿಸಿ, ಬೇರೆ ಲೋಟದಲ್ಲಿ ನೀರು ತಂದು, ಅವನ ಕೈಗೆಟುಕುವಂತೆ ಇಟ್ಟಳು.

"ಊಟ ಮಾಡಿ" ಎಂದಳು. "ಆರಿ ಹೋಗುತ್ತೆ."